ನಿಮ್ಮ ಸುರಕ್ಷತೆಗಾಗಿ ಮುಚ್ಚಲಾಗಿದೆ

ರಾತ್ರೋರಾತ್ರಿ ಯಾರನ್ನೂ ಕೇಳದೆ ಬ್ರೌಸರ್ ತನ್ನಷ್ಟಕ್ಕೆ ತಾನೇ ಹೊಸದಾಗಿಬಿಟ್ಟಿತ್ತು. ಆ ದಿನದ ಫಜೀತಿಗೆಲ್ಲ ಮೂಲ ಇಷ್ಟೇ.

ಧಿಕ್ಕಾರಣ್ಣ ಬೆಳಿಗ್ಗೆ ಮುದ್ರಣಾಲಯದ ಮೇಲಿನ ಓದುಬಳಗದ ಕೋಣೆಗೆ ಬಂದು, ಕಂಪ್ಯೂಟರಿನ ಮುಂದೆ ಕೂತು, ಕೆಳಗಿನ ಅಚ್ಚಿನ ಯಂತ್ರದ ಪುಟ ತೆರೆಯಲು ಹೋದ. ಪುಟದ ಬದಲು ಪರದೆಯ ಮೇಲೆ ಒಂದು ಬೂದು ಬಣ್ಣದ ಸೂಚನೆ ಬಂದು ನಿಂತಿತು. "ಈ ಪುಟ ಹಳೆಯ ಪ್ರೋಟೊಕಾಲ್ ಬಳಸುತ್ತಿದೆ. ನಿಮ್ಮ ಸುರಕ್ಷತೆಗಾಗಿ ಸಂಪರ್ಕವನ್ನು ತಡೆಯಲಾಗಿದೆ." ಅದರ ಕೆಳಗೆ ಒಂದೇ ಒಂದು ಗುಂಡಿ: "ಹಿಂದಕ್ಕೆ ಹೋಗಿ."

ಹಿಂದಕ್ಕೆ ಹೋಗುವುದು ಧಿಕ್ಕಾರಣ್ಣನ ಸಿದ್ಧಾಂತಕ್ಕೆ ಒಗ್ಗದ ಕೆಲಸ. ಹಿಂದಿನ ವಾರವಷ್ಟೇ ಇದೇ ಕೋಣೆಯಲ್ಲಿ, ಇದೇ ಕುರ್ಚಿಯ ಮೇಲೆ ಹತ್ತಿ ನಿಂತು, "ಹಳೆಯದೆಲ್ಲ ಕೊಚ್ಚಿ ಹೋಗಲಿ" ಎಂಬ ವಿಷಯದ ಮೇಲೆ ಅವನು ಮಾತಾಡಿದ್ದ. ಕುರ್ಚಿಯೂ ಹಳೆಯದೇ ಆದ್ದರಿಂದ ಮಾತಿನ ನಡುವೆ ಅದರ ಒಂದು ಕಾಲು ಕೊಚ್ಚಿ ಹೋಗಿತ್ತು. ಈಗ ಆ ಕಾಲಿನ ಜಾಗದಲ್ಲಿ ದಪ್ಪನೆಯ ಮೂರು ಪುಸ್ತಕ ಇಟ್ಟುಕೊಂಡು ಅವನು ಕೂತಿದ್ದ.

ಅವನಿಗೊಂದು ಸ್ವಂತ ಹೆಸರಿತ್ತು. ಆದರೆ ಹಾಲು ಒಡೆದರೂ ಮೊದಲು ಧಿಕ್ಕಾರ ಕೂಗಿ ಆಮೇಲೆ ಪಾತ್ರೆ ತೊಳೆಯುವ ಗಿರಾಕಿ ಎಂದು ಬೀದಿಯವರು ಇಟ್ಟ ಹೆಸರೇ ಗಟ್ಟಿಯಾಗಿ ಉಳಿದಿತ್ತು. ಕೆಳಗಿನ ಮುದ್ರಣಾಲಯದಲ್ಲಿ ಕರಡು ತಿದ್ದುವುದು ಅವನ ಕಸುಬು. ಲೋಕವನ್ನು ತಿದ್ದುವುದು ಬಿಡುವಿನ ಕೆಲಸ. ಮೊದಲನೆಯದರಲ್ಲಿ ಅವನ ಕಣ್ಣಿಗೆ ಒಂದು ಕೊಂಬೂ ತಪ್ಪುತ್ತಿರಲಿಲ್ಲ. ಎರಡನೆಯದರ ಕತೆಯನ್ನೇ ಈಗ ಹೇಳುತ್ತಿರುವುದು.

ಆ ದಿನ ಅಚ್ಚಾಗಬೇಕಿದ್ದದ್ದು ಒಂದು ಕರಪತ್ರ. ಮಾರುಕಟ್ಟೆಯ ಸಾರ್ವಜನಿಕ ಶೌಚಾಲಯಕ್ಕೆ ಬೀಗ ಬಿದ್ದು ವರ್ಷಗಳಾಗಿದ್ದವು. ಬೀಗದ ಕೈ ಕಚೇರಿಯಲ್ಲಿದೆ ಎನ್ನುತ್ತಿದ್ದರು. ಕಚೇರಿಯಲ್ಲಿ ಕೇಳಿದರೆ ಹುಡುಕುತ್ತಿದ್ದೇವೆ ಎನ್ನುತ್ತಿದ್ದರು. ಬಾಗಿಲ ಮೇಲೆ "ನಿಮ್ಮ ಸುರಕ್ಷತೆಗಾಗಿ ಮುಚ್ಚಲಾಗಿದೆ" ಎಂಬ ಹಲಗೆ ತೂಗುತ್ತಿತ್ತು. ಗಂಡಸರು ಗೋಡೆ ಮರೆ ಹುಡುಕಿಕೊಂಡಿದ್ದರು. ವ್ಯಾಪಾರಕ್ಕೆ ಕೂರುವ ಹೆಂಗಸರಿಗೆ ಯಾವ ಗೋಡೆಯೂ ಇರಲಿಲ್ಲ. ಸಂಜೆ ಐದಕ್ಕೆ ಕಚೇರಿಯ ದೊಡ್ಡ ಸಾಹೇಬರು ಮಾರುಕಟ್ಟೆಯ ಹೊಸ ಗಡಿಯಾರ ಉದ್ಘಾಟಿಸಲು ಬರುವವರಿದ್ದರು. ಅವರ ಕೈಗೆ ಕರಪತ್ರ ಕೊಟ್ಟು, ಎಲ್ಲರ ಎದುರೇ ಬೀಗ ತೆಗೆಸಬೇಕೆಂದು ಹೆಂಗಸರು ನಿಶ್ಚಯ ಮಾಡಿದ್ದರು.

ಬೆಳಿಗ್ಗೆ ಮನೆಯಿಂದ ಹೊರಡುವಾಗಲೇ ಹೆಂಡತಿ ಕೇಳಿದ್ದಳು.

"ಏನ್ರೀ ಹೆಸರಿಟ್ಟಿದ್ದೀರಿ ಇದಕ್ಕೆ?"

"ಕೊನೆಯ ಎಚ್ಚರಿಕೆ."

"ಆವಾಗಲೂ ಅದೇ ಇಟ್ಟಿದ್ರಲ್ಲ, ಬಾಗಿಲಿಗೆ ಹೋರಾಡಿದಾಗ?"

ಮಾತು ನಿಜ. ಶೌಚಾಲಯ ಬಾಗಿಲಿಲ್ಲದೆ ಬಾಯಿ ತೆರೆದುಕೊಂಡು, ರಾತ್ರಿಯೆಲ್ಲ ಕುಡುಕರ ತಾಣವಾಗಿದ್ದ ಕಾಲದಲ್ಲಿ ಬಾಗಿಲೂ ಬೀಗವೂ ಬೇಕೆಂದು ಹೋರಾಡಿದವನೂ ಧಿಕ್ಕಾರಣ್ಣನೇ. ಗೆದ್ದದ್ದೂ ಹೌದು. ಅವನ ಬದುಕಿನಲ್ಲಿ ಅವನು ಪೂರ್ತಿಯಾಗಿ ಗೆದ್ದ ಹೋರಾಟ ಅದೊಂದೇ.

"ಅದು ಆಗಿನ ಕೊನೆ" ಎಂದು ಅವನು ಗಂಭೀರವಾಗಿ ಹೇಳಿದ್ದ.

"ಈ ಸಲ ತಾರೀಖನ್ನಾದರೂ ಹಾಕಿ."

"ಹೋರಾಟಕ್ಕೆ ತಾರೀಖು ಇರೋದಿಲ್ಲ ಕಣೇ."

"ನಿಮ್ಮ ಅಂಗಿಗೂ ಗುಂಡಿ ಇಲ್ಲ. ಹಾಗೇ ಹೋಗಬೇಡಿ, ಹಾಕಿಕೊಡ್ತೀನಿ ನಿಲ್ಲಿ."

ನಿಲ್ಲಲು ಅವನಿಗೆ ಪುರಸೊತ್ತಿರಲಿಲ್ಲ.

ಈಗ ಆ ಗುಂಡಿಯಿಲ್ಲದ ಅಂಗಿಯಲ್ಲೇ ಅವನು ಮೆಟ್ಟಿಲಿಳಿದು ಮುದ್ರಣಾಲಯಕ್ಕೆ ಓಡಿದ. ಯಂತ್ರವೇನೂ ಸಮುದ್ರದಾಚೆ ಇರಲಿಲ್ಲ. ಅವನು ಕೂತ ನೆಲದ ಸರಿಯಾಗಿ ಕೆಳಗೆ, ಮೂಲೆಯಲ್ಲಿ, ಎಮ್ಮೆ ಮಲಗಿದಂತೆ ಮಲಗಿತ್ತು. ಅದರ ಹೊಟ್ಟೆಯೊಳಗೇ ಒಂದು ವೆಬ್ ಪುಟ. ಮೇಲಿನ ಕಂಪ್ಯೂಟರಿನಿಂದ ಆ ಪುಟ ತೆರೆದು ಫೈಲ್ ಹಾಕಿದರೆ ಇದು ಕೆಳಗೆ ಗುರುಗುಟ್ಟಿ ಅಚ್ಚು ಹಾಕುತ್ತಿತ್ತು.

"ಯಜಮಾನ್ರೇ, ಪುಟ ತೆಗೀತಿಲ್ಲ. ಪೆನ್‌ಡ್ರೈವಲ್ಲಿ ತಂದುಕೊಡ್ತೀನಿ, ಚುಚ್ಚಿಕೊಂಡುಬಿಡಿ."

ಮುದ್ರಣಾಲಯದ ಯಜಮಾನರು ಕಾಗದ ಎಣಿಸುವುದನ್ನು ನಿಲ್ಲಿಸಲಿಲ್ಲ. "ಚುಚ್ಚೋ ಜಾಗಾನ ಮುರಿದೋರು ಯಾರು?"

ಧಿಕ್ಕಾರಣ್ಣ ಯಂತ್ರದ ಪಕ್ಕೆಯನ್ನು ನೋಡಿದ. ಹೋದ ವರ್ಷ ಆವೇಶದಲ್ಲಿ ಪೆನ್‌ಡ್ರೈವನ್ನು ತಲೆಕೆಳಗಾಗಿ ಒತ್ತಿ, ಹೋಗದಿದ್ದಾಗ ಇನ್ನೂ ಆವೇಶದಿಂದ ಒತ್ತಿದವನು ಅವನೇ.

"ಹಾಗಾದ್ರೆ ಬೇರೆ ಕಡೆ ಅಚ್ಚು ಹಾಕಿಸ್ತೀನಿ."

"ಹೋಗಪ್ಪ. ಮೊದಲನೇ ಸಾಲಲ್ಲಿ ಧಿಕ್ಕಾರ ಅಂತ ನೋಡಿದ ಕೂಡಲೇ ಅವರ ಯಂತ್ರ ಕೆಟ್ಟುಹೋಗುತ್ತೆ. ಈ ಊರಲ್ಲಿ ಓದದೆ ಅಚ್ಚು ಹಾಕೋನು ನಾನೊಬ್ಬನೇ. ಮೇಲಿಂದ ಏನು ಬರುತ್ತೋ ಅದನ್ನ ಹಾಕ್ತೀನಿ." ಯಜಮಾನರು ಯಂತ್ರದ ಬೆನ್ನು ತಟ್ಟಿದರು. "ಇದೂ ನನ್ನ ಹಾಗೇ. ಹಳೇದು. ಆದರೆ ಒಂದು ಸಲ ಹೊಟ್ಟೆಗೆ ಹಾಕ್ಕೊಂಡಿದ್ದನ್ನ ಮರೆಯೋದಿಲ್ಲ."

ಸುದ್ದಿ ಮೆಟ್ಟಿಲ ಬುಡದಲ್ಲಿ ಅಂಗಡಿ ಇಟ್ಟುಕೊಂಡಿದ್ದ ಟೈಲರ್‌ಗೆ ತಲುಪಿತು. ಟೈಲರ್‌ನಿಂದ, ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದಿದ್ದ ನಿವೃತ್ತ ಮೇಷ್ಟ್ರಿಗೆ ತಲುಪಿತು. ಇಬ್ಬರೂ ಓದುಬಳಗದ ಸದಸ್ಯರು. ಇಬ್ಬರಿಗೂ ತಿಳಿಯದ ವಿಷಯ ಲೋಕದಲ್ಲಿ ಯಾವುದೂ ಇರಲಿಲ್ಲ. ಮೇಷ್ಟ್ರು ಒಂದು ಲೋಟ ಚಹಾ ಹಿಡಿದು ಮೇಲೆ ಬಂದರು. ಟೈಲರ್ ಇನ್ನೊಂದು ಲೋಟ ಹಿಡಿದು ಬಂದ. ಎರಡೂ ಧಿಕ್ಕಾರಣ್ಣನಿಗೆ. ಆತಂಕದಲ್ಲಿ ಅವನು ಎರಡನ್ನೂ ಕುಡಿದ.

"ಪ್ರೋಟೊಕಾಲ್ ಅಂದ್ರೆ ಏನಯ್ಯಾ?" ಎಂದು ಕೇಳಿ, ಉತ್ತರವನ್ನು ಮೇಷ್ಟ್ರೇ ಕೊಟ್ಟರು. "ಎರಡು ಯಂತ್ರ ಮಾತಾಡೋಕೆ ಮುಂಚೆ ಹೇಳಿಕೊಳ್ಳೋ ನಮಸ್ಕಾರ. ಕೆಳಗಿನದು ಹಳೇ ಕಾಲದ ಹಾಗೆ ಕೈ ಮುಗೀತಿದೆ. ಮೇಲಿನದು, ನಿನ್ನ ನಮಸ್ಕಾರ ಹಳೇದಾಯ್ತು, ನೀನು ಕಳ್ಳ ಇರಬಹುದು ಅಂತಿದೆ. ಅಷ್ಟೇ."

"ಅಷ್ಟು ವರ್ಷದಿಂದ ಪರಿಚಯ ಇರೋರಿಗೆ ಹಾಗಂತಾರಾ ಸಾರ್?" ಟೈಲರ್‌ಗೆ ಬೇಸರವಾಯಿತು.

"ಪೆನ್ಷನ್ ಕಚೇರಿಯಲ್ಲಿ ನನಗೆ ದಿನಾ ಅನ್ನೋದಿಲ್ವಾ, ನೀವು ನೀವೇ ಅನ್ನೋದಕ್ಕೆ ಸಾಕ್ಷಿ ಏನು ಅಂತ? ಇರಲಿ. ಬ್ರೌಸರಿನ ಹೊಟ್ಟೆ ಕಟ್ಟಿದೆ. ಹಳೇ ನೆನಪೆಲ್ಲ ಅಳಿಸು. ಸಲೀಸಾಗುತ್ತೆ."

ಧಿಕ್ಕಾರಣ್ಣ ಅಳಿಸಿದ. ನೆನಪೆಲ್ಲ ಹೋಯಿತು. ಬ್ಯಾಂಕು, ವಿದ್ಯುತ್ ಬಿಲ್ಲು, ಹೆಂಡತಿಯ ರೈಲು ಟಿಕೆಟ್ಟು, ಎಲ್ಲದರ ಪಾಸ್‌ವರ್ಡ್ ನೀರುಪಾಲಾಯಿತು. ಬೂದು ಬಣ್ಣದ ಸೂಚನೆ ಮಾತ್ರ ಬಂಡೆಯ ಹಾಗೆ ಅಲ್ಲೇ ನಿಂತಿತ್ತು.

"ಅಳತೆ ತಪ್ಪಾಯ್ತು" ಎಂದ ಟೈಲರ್. "ಕಂಪ್ಯೂಟರಿನ ತಾರೀಖನ್ನ ಹತ್ತು ವರ್ಷ ಹಿಂದಕ್ಕೆ ಹಾಕಣ್ಣ. ಅದಕ್ಕೆ ಆಗಿನ ಕಾಲ ಅಂತ ಅನ್ನಿಸಲಿ. ಆಗ ಹಳೇದು ಹಳೇದಾಗಿರಲ್ಲ."

ಈ ಮಾತಿನಲ್ಲಿ ಏನೋ ತತ್ತ್ವ ಇದ್ದಂತೆ ಕಂಡು ಧಿಕ್ಕಾರಣ್ಣ ಅದನ್ನೂ ಮಾಡಿದ. ಕಂಪ್ಯೂಟರ್ ಹತ್ತು ವರ್ಷ ಹಿಂದಕ್ಕೆ ಹೋಯಿತು. ಲೋಕ ಅದರ ಜೊತೆ ಹೋಗಲಿಲ್ಲ. ಅಲ್ಲಿಯವರೆಗೆ ತೆರೆಯುತ್ತಿದ್ದ ಪುಟಗಳೂ ಒಂದೊಂದಾಗಿ "ನಿಮ್ಮ ಸುರಕ್ಷತೆಗಾಗಿ" ಎಂದು ಮುಖ ತಿರುಗಿಸಿದವು. ಹವಾಮಾನ ತಿಳಿಸುವ ಪುಟ ಕೂಡ ಇವನನ್ನು ನಂಬಲಿಲ್ಲ. ತಾರೀಖನ್ನು ಮತ್ತೆ ಮುಂದಕ್ಕೆ ತರುವಷ್ಟರಲ್ಲಿ ಮಧ್ಯಾಹ್ನ ಜಾರಿತ್ತು, ಇನ್ನೆರಡು ಲೋಟ ಚಹಾ ಒಳಗೆ ಹೋಗಿತ್ತು.

ಆಗ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಬಂದವಳು ಹಣ್ಣಿನಕ್ಕ. ಮಾರುಕಟ್ಟೆಯಲ್ಲಿ ಹಣ್ಣು ಮಾರುತ್ತಿದ್ದ ಅವಳೇ ಹೆಂಗಸರ ಗುಂಪಿಗೆ ಮುಂದಾಳು. ಧಿಕ್ಕಾರಣ್ಣ ಲೋಕದಲ್ಲಿ ಹೆದರುತ್ತಿದ್ದ ಇಬ್ಬರಲ್ಲಿ ಒಬ್ಬಳು. ಇನ್ನೊಬ್ಬಳು ಗುಂಡಿ ಹಾಕಲು ಮನೆಯಲ್ಲಿ ಕಾಯುತ್ತಿದ್ದಳು.

"ಏನಣ್ಣ, ಆಯ್ತಾ?"

"ಆಗ್ತಾ ಇದೆ ಅಕ್ಕ. ಪ್ರೋಟೊಕಾಲ್ ಹಳೇದು ಅಂತ ಸ್ವಲ್ಪ..."

"ಅದೇನೋ ನನಗೆ ಗೊತ್ತಿಲ್ಲ. ನಮ್ಮ ಸಾಲಿನ ಹೆಂಗಸರು ಬೆಳಿಗ್ಗೆಯಿಂದ ಒಂದು ಗುಟುಕು ನೀರು ಕುಡಿಯೋದಿಲ್ಲ, ಗೊತ್ತಾ ನಿನಗೆ? ಕುಡಿದ್ರೆ ಎಲ್ಲಿಗೆ ಹೋಗೋದು? ಸೊಪ್ಪಿನವಳಿಗೆ ಹೊಟ್ಟೆನೋವು ಅಂತ ಆಸ್ಪತ್ರೆಗೆ ಕರ್ಕೊಂಡು ಹೋದ್ರೆ, ಡಾಕ್ಟರಮ್ಮ ನೀರು ಜಾಸ್ತಿ ಕುಡೀರಿ ಅಂದ್ರು. ನಗಬೇಕೋ ಅಳಬೇಕೋ ಹೇಳು." ಅವಳು ಮೇಜಿನ ಮೇಲಿನ ಖಾಲಿ ಲೋಟಗಳನ್ನು ಒಂದೊಂದಾಗಿ ನೋಡಿದಳು. "ನೀನು ಚೆನ್ನಾಗಿ ಕುಡಿದಿದ್ದೀಯ."

ಮೇಷ್ಟ್ರು ತಮ್ಮ ಕೈಯಲ್ಲಿದ್ದ ಐದನೆಯ ಲೋಟವನ್ನು ಏನು ಮಾಡಬೇಕೆಂದು ತಿಳಿಯದೆ ಧಿಕ್ಕಾರಣ್ಣನ ಮುಂದೆಯೇ ಇಟ್ಟರು.

"ಆಗಲ್ಲ ಅಂದ್ರೆ ಈಗಲೇ ಹೇಳಿಬಿಡು. ಬರೀ ಬಾಯಲ್ಲಿ ಹೇಳಿದ್ರೆ ಸಾಹೇಬ್ರು ತಲೆ ಆಡಿಸಿ ಹೋಗ್ತಾರೆ. ಕಾಗದದ ಮೇಲಿದ್ದರೆ ಮಾತ್ರ ಅವರಿಗೆ ಕಿವಿ ಕೇಳೋದು."

"ಐದಕ್ಕೆ ಕರಪತ್ರ ನಿಮ್ಮ ಕೈಲಿರುತ್ತೆ ಅಕ್ಕ" ಎಂದ ಧಿಕ್ಕಾರಣ್ಣ.

ಅವಳು ಹೋದ ಮೇಲೆ ಅವನು ಬೇರೆಯವನೇ ಆದ. ತನ್ನ ಹಾಗೇ ನೊಂದವರು ಎಲ್ಲಾದರೂ ಇರಲೇಬೇಕೆಂದು ಅಂತರ್ಜಾಲದಲ್ಲಿ ಹುಡುಕಿದ. ಇದ್ದರು. ದೂರದ ಯಾವನೋ ಒಬ್ಬ, ಹಳೆಯ ಪ್ರೋಟೊಕಾಲನ್ನು ಮತ್ತೆ ಚಾಲೂ ಮಾಡುವ ದಾರಿಯನ್ನು ಬ್ರೌಸರಿನ ಅಪ್ಪನಿಗೂ ಅಜ್ಜನಿಗೂ ಬೈಯುತ್ತ ಬರೆದಿಟ್ಟಿದ್ದ. ಬ್ರೌಸರಿನೊಳಗೆ ಯಾರಿಗೂ ಕಾಣದ ಒಂದು ಒಳಕೋಣೆ ಇದೆಯಂತೆ. ವಿಳಾಸದ ಪಟ್ಟಿಯಲ್ಲಿ ಗುಟ್ಟಿನ ಪದ ಬರೆದರೆ ಅದರ ಬಾಗಿಲು ಸಿಗುತ್ತದಂತೆ.

ಬಾಗಿಲು ಸಿಕ್ಕಿತು. ಅದರ ಮೇಲೊಂದು ಎಚ್ಚರಿಕೆ: "ಇಲ್ಲಿ ಕೈಯಾಡಿಸುವುದು ಅಪಾಯ." ಕೆಳಗೆ ಗುಂಡಿ: "ಅಪಾಯವನ್ನು ಒಪ್ಪಿಕೊಂಡು ಮುಂದುವರಿಯಿರಿ."

ಧಿಕ್ಕಾರಣ್ಣನ ಮೈ ಜುಮ್ಮೆಂದಿತು. ಹರೆಯದಿಂದ ಇವತ್ತಿನವರೆಗೆ ಅವನು ಕಾಯುತ್ತಿದ್ದದ್ದು ಇದೇ ಪ್ರಶ್ನೆಗೆ. ಯಾರೂ ಕೇಳಿರಲಿಲ್ಲ. ಪೊಲೀಸರು ಕೂಡ ಪ್ರತಿ ಸಲ "ಮನೆಗೆ ಹೋಗಿ ಸಾರ್, ಊಟದ ಹೊತ್ತಾಯ್ತು" ಎಂದೇ ಕಳಿಸಿದ್ದರು. ಎದೆ ಸೆಟೆಸಿ, ಗುಂಡಿಯಿಲ್ಲದ ಅಂಗಿ ಇನ್ನಷ್ಟು ತೆರೆದುಕೊಳ್ಳುವಂತೆ ಉಸಿರೆಳೆದು, ಒತ್ತಿದ.

ಒಳಗೆ ಇರುವೆ ಸಾಲಿನಂತೆ ಸಾವಿರಾರು ಸೆಟ್ಟಿಂಗುಗಳು. ಕರಡು ತಿದ್ದಿ ಪಳಗಿದ ಕಣ್ಣು ಬೇಕಾದ ಸಾಲನ್ನು ಹೆಕ್ಕಿತು. ಯಾವ ಪ್ರೋಟೊಕಾಲಿಗಿಂತ ಹಳೆಯದನ್ನು ಒಳಗೆ ಬಿಡಬಾರದು ಎಂಬ ಜಾಗದಲ್ಲಿ ಮೂರು ಎಂದಿತ್ತು. ಅದನ್ನು ಒಂದು ಮಾಡಿದ. ಬ್ರೌಸರ್ ಮುಚ್ಚಿ ತೆರೆದ. ತೆರೆಯುವಾಗ ಅದು "ಒಂದು ನಿಮಿಷ, ಹೊಸದಾಗುತ್ತಿದ್ದೇನೆ" ಎಂದು ಮತ್ತೊಮ್ಮೆ ಹೊಸದಾಯಿತು. ಒಂದು ಪುನಃ ಮೂರಾಯಿತು.

ಟೈಲರ್ ನಿಟ್ಟುಸಿರು ಬಿಟ್ಟ. "ಹೊಲಿಗೆ ಹಾಕಿದ ಕಡೆಯಿಂದ ಬಿಚ್ಚಿಕೊಳ್ತಾ ಬರ್ತಿದೆ ಸಾರ್."

ಧಿಕ್ಕಾರಣ್ಣ ಎದ್ದು ನಿಂತ. ಪರದೆಯತ್ತ ಬೆರಳು ತೋರಿಸಿ ಮಾತಾಡತೊಡಗಿದ. "ಯಾರು ನಿನಗೆ ಅಧಿಕಾರ ಕೊಟ್ಟೋರು? ಇಷ್ಟು ವರ್ಷ ದುಡಿದದ್ದನ್ನ ಒಂದು ರಾತ್ರಿಯಲ್ಲಿ ಹಳೇದು ಅಂತ ಹೊರಗೆ ಹಾಕ್ತೀಯ. ಕೇಳಿದ್ಯಾ ನಮ್ಮನ್ನ? ಬಾಗಿಲು ಮುಚ್ಚೋನು ನೀನು, ಸುರಕ್ಷತೆ ಮಾತ್ರ ನಮ್ಮದಾ? ಹಳೇದು ಉಳೀಬೇಕು. ಉಳಿಸೇ ಉಳಿಸ್ತೀವಿ."

"ಹೋದ ವಾರ ಕೊಚ್ಚಿ ಹೋಗಲಿ ಅಂದಿದ್ದೆಯಲ್ಲಯ್ಯಾ" ಎಂದು ಮೇಷ್ಟ್ರು ಮೆಲ್ಲಗೆ ನೆನಪಿಸಿದರು.

"ಅದು ಬೇರೆ ಹಳೇದು ಸಾರ್."

ಈ ಸಲ ಅವನು ಮೊದಲು ಹೊಸದಾಗುವ ಚಾಳಿಯನ್ನೇ ಬಂದ್ ಮಾಡಿದ. ಮೂರನ್ನು ಮತ್ತೆ ಒಂದು ಮಾಡಿದ. ಐದನೆಯ ಲೋಟವನ್ನು ಒಂದೇ ಏಟಿಗೆ ಮುಗಿಸಿದ. ಹೊಟ್ಟೆಯ ಕೆಳಭಾಗದಿಂದ ಒಂದು ಮನವಿ ಬಂತು. ಗೆಲುವಿನ ಹೊಸ್ತಿಲಲ್ಲಿ ಕುರ್ಚಿ ಬಿಡುವುದುಂಟೇ ಎಂದು ಅದನ್ನು ತಳ್ಳಿಹಾಕಿದ. ಪುಟ ಒತ್ತಿದ. ಬಿಳಿ ಪರದೆ ಒಂದು ಗಳಿಗೆ ಯೋಚಿಸಿತು. ಆಮೇಲೆ, ಊರು ಬಿಟ್ಟುಹೋದ ನೆಂಟ ಬಾಗಿಲಲ್ಲಿ ಪ್ರತ್ಯಕ್ಷನಾದ ಹಾಗೆ, ಯಂತ್ರದ ನೀಲಿ ಪುಟ ಬಂದು ನಿಂತಿತು.

ಮೂವರೂ ತಬ್ಬಿಕೊಂಡರು. ಮೇಷ್ಟ್ರ ಕಣ್ಣಲ್ಲಿ ನೀರು. ಗೋಡೆ ಗಡಿಯಾರದಲ್ಲಿ ನಾಲ್ಕು ದಾಟಿತ್ತು. ಧಿಕ್ಕಾರಣ್ಣ ಫೈಲನ್ನು ಆರಿಸಿ, "ಕಳುಹಿಸು" ಒತ್ತಿದ. ಪುಟ್ಟ ಪೆಟ್ಟಿಗೆಯೊಂದು ಮೂಡಿತು. ಮೇಲೆ ಸಣ್ಣಕ್ಷರದಲ್ಲಿ ಏನೋ ಒಂದು ಸಾಲು. ಅದರ ಕೆಳಗೆ ದಪ್ಪಕ್ಷರದಲ್ಲಿ: "ಹಳೆಯದನ್ನು ಉಳಿಸಿಕೊಳ್ಳಬೇಕೇ?"

"ಈಗ ಕೇಳ್ತಿದೆ ನೋಡಿ" ಎಂದ ಧಿಕ್ಕಾರಣ್ಣ. ಇಡೀ ದಿನದ ಅವಮಾನಕ್ಕೆ ಉತ್ತರ ಹೇಳುವ ಗಳಿಗೆ ಬಂದಿತ್ತು. ಎಡಗೈ ಮುಷ್ಟಿ ಮೇಲೆತ್ತಿ, ಬಲಗೈಯಿಂದ "ಹೌದು" ಒತ್ತಿದ.

ಕೆಳಗೆ ಎಮ್ಮೆ ಗುರುಗುಟ್ಟಿತು.

ಕರಪತ್ರಗಳು ಬಿಸಿಬಿಸಿಯಾಗಿ ಕಂತೆ ಕಟ್ಟಿಕೊಂಡು ಬಂದವು. ಅಚ್ಚಾದ ಮೊದಲ ಪ್ರತಿಯನ್ನು ಓದದೆ ಮುದ್ರಣಾಲಯದಿಂದ ಒಂದು ಕಾಗದವೂ ಹೊರಗೆ ಹೋಗಕೂಡದೆಂದು ಇಷ್ಟು ವರ್ಷ ಎಲ್ಲರ ಪ್ರಾಣ ತಿಂದವನು ಧಿಕ್ಕಾರಣ್ಣ. ಆದರೆ ಈಗ ಐದಾಗುತ್ತ ಬಂದಿತ್ತು. ಮೇಲಾಗಿ ಸ್ವಂತ ಬರವಣಿಗೆ, ಬಾಯಿಪಾಠ. ಕಂತೆಯನ್ನು ಎದೆಗವಚಿಕೊಂಡು, ಅಂಗಿಯ ತೆರೆದ ಭಾಗವನ್ನೂ ಅದರಿಂದಲೇ ಮುಚ್ಚಿಕೊಂಡು, ಮೊಣಕಾಲುಗಳನ್ನು ಆದಷ್ಟು ಹತ್ತಿರ ಇಟ್ಟುಕೊಂಡು ಮಾರುಕಟ್ಟೆಯತ್ತ ಓಡಿದ.

ಸಾಹೇಬರು ಆಗಲೇ ಗಡಿಯಾರದ ಪರದೆ ಸರಿಸಿ ಆಗಿತ್ತು. ಹೆಂಗಸರು ಶೌಚಾಲಯದ ಮುಂದೆ ಗುಂಪುಗಟ್ಟಿದ್ದರು. ಹಣ್ಣಿನಕ್ಕ ಕಂತೆ ಕಿತ್ತುಕೊಂಡು ಸುತ್ತಲೂ ಹಂಚಿ, ಒಂದನ್ನು ಸಾಹೇಬರ ಕೈಗಿಟ್ಟಳು. "ಬೇಕೇ ಬೇಕು, ಈಗಲೇ ಬೇಕು" ಎಂದು ಕೂಗಿದರು. ಏನು ಬೇಕು ಎಂಬುದು ಘೋಷಣೆಯಲ್ಲಿರಲಿಲ್ಲ. ಆ ಘೋಷಣೆ ಧಿಕ್ಕಾರಣ್ಣ ಬರೆದುಕೊಟ್ಟದ್ದು. ಎಲ್ಲ ಹೋರಾಟಕ್ಕೂ ಒದಗಲಿ ಎಂಬ ದೂರದೃಷ್ಟಿ ಅವನದು.

ಸಾಹೇಬರು ಕನ್ನಡಕ ಹಾಕಿಕೊಂಡು ಕರಪತ್ರ ಓದಿದರು. ಹುಬ್ಬು ಗಂಟಿಕ್ಕಿತು. ಇನ್ನೊಮ್ಮೆ ಓದಿದರು. ಗಂಟು ಸಡಿಲವಾಯಿತು. ಬರಬರುತ್ತ ಅವರ ಮುಖ ಹುಣ್ಣಿಮೆಯಂತಾಯಿತು. ಮೈಕು ಕೈಗೆ ತೆಗೆದುಕೊಂಡರು.

"ತಾಯಂದಿರೇ, ನಿಮ್ಮ ಬೇಡಿಕೆ ನ್ಯಾಯವಾದದ್ದು. ಇದರಲ್ಲಿ ಬರೆದಿರೋದನ್ನ ಓದ್ತೀನಿ, ಕೇಳಿ. 'ಕೊನೆಯ ಎಚ್ಚರಿಕೆ. ಮಾರುಕಟ್ಟೆಯ ಶೌಚಾಲಯಕ್ಕೆ ಈ ಕೂಡಲೇ ಭದ್ರವಾದ ಬೀಗ ಹಾಕಲೇಬೇಕು. ನೆಪ ಬೇಡ, ಸಮಿತಿ ಬೇಡ. ಬೀಗ ಹಾಕುವವರೆಗೂ ನಾವು ಇಲ್ಲಿಂದ ಕದಲುವುದಿಲ್ಲ.'"

ಧಿಕ್ಕಾರಣ್ಣನ ಕಣ್ಣ ಮುಂದೆ, ಆ ಪುಟ್ಟ ಪೆಟ್ಟಿಗೆಯ ಸಣ್ಣಕ್ಷರದ ಸಾಲು ಈಗ ಗೋಡೆಬರಹದಷ್ಟು ದೊಡ್ಡದಾಗಿ ಮೂಡಿತು. 'ಇದೇ ಹೆಸರಿನ ಫೈಲ್ ಯಂತ್ರದಲ್ಲಿ ಈಗಾಗಲೇ ಇದೆ.' ಯಂತ್ರ ಏನನ್ನೂ ಮರೆತಿರಲಿಲ್ಲ. ಅವನ ಆ ಒಂದೇ ಒಂದು ಗೆದ್ದ ಹೋರಾಟದ ಕರಪತ್ರವನ್ನು ಹೊಟ್ಟೆಯಲ್ಲಿ ಕಾಪಾಡಿಕೊಂಡಿದ್ದು, ಅವನು "ಹೌದು" ಒತ್ತಿದ ಕೂಡಲೇ ಹೊಸದನ್ನು ಬಿಟ್ಟು ಅದನ್ನೇ ಅಚ್ಚು ಹಾಕಿತ್ತು.

"ತೆಗೀರಿ ಅಂತ ಬಂದಿರೋದು ನಾವು" ಎಂದಳು ಹಣ್ಣಿನಕ್ಕ. "ಹಾಕಿ ಅಂತ ಅಲ್ಲ."

"ಅಮ್ಮಾ, ಬಾಯಿಮಾತು ಯಾವಾಗಲೂ ಹಾಗೆ, ಹೀಗೆ. ನಮಗೆ ಬರವಣಿಗೆಯಲ್ಲಿ ಏನಿದೆಯೋ ಅದೇ ಪ್ರಮಾಣ."

ಧಿಕ್ಕಾರಣ್ಣ ಗುಂಪು ಸೀಳಿಕೊಂಡು ಮುಂದೆ ಬಂದ. "ಸಾರ್, ಸಾರ್, ಅದು ಹಳೇದು ಸಾರ್. ವರ್ಷಗಳ ಹಿಂದಿನದು."

ಸಾಹೇಬರು ಕರಪತ್ರವನ್ನು ಹಿಂದೆ ಮುಂದೆ ತಿರುಗಿಸಿ ತಾರೀಖು ಹುಡುಕಿದರು. ಸಿಗಲಿಲ್ಲ. ಅವರ ದನಿ ಇನ್ನಷ್ಟು ಮೃದುವಾಯಿತು. "ಹಾಗಾದ್ರೆ ತಪ್ಪು ಇನ್ನೂ ದೊಡ್ಡದು. ಇಷ್ಟು ವರ್ಷ ಜನರನ್ನ ಕಾಯಿಸಿದ್ದೀವಿ. ಇನ್ನು ಒಂದು ನಿಮಿಷವೂ ತಡ ಆಗಬಾರದು."

ಬೀಗದ ಕೈ ಹುಡುಕಲು ವರ್ಷಗಳು ಸಾಲದ ಕಚೇರಿಗೆ ಬೀಗ ಹುಡುಕಲು ಐದು ನಿಮಿಷ ಸಾಕಾಯಿತು. ಎದುರಿನ ಅಂಗಡಿಯಿಂದ, ಎಳೆಮಗುವಿನ ತಲೆಯಷ್ಟು ಗಾತ್ರದ ಹೊಳೆಯುವ ಬೀಗ ಬಂತು. ಹಳೆಯ ಬೀಗದ ಪಕ್ಕದಲ್ಲೇ ಅದನ್ನು ಸಾಹೇಬರು ಸ್ವಹಸ್ತದಿಂದ ಜಡಿದರು. ಫೋಟೊ ತೆಗೆದರು. "ಬೀಗದ ಕೈ ಭದ್ರವಾಗಿ ಕಚೇರಿಯಲ್ಲಿರುತ್ತೆ" ಎಂದು ಹೇಳಿ ಕಾರು ಹತ್ತಿದರು.

ಧೂಳು ಅಡಗಿತು. ಹೆಂಗಸರು ಒಬ್ಬೊಬ್ಬರಾಗಿ ತಿರುಗಿ ಧಿಕ್ಕಾರಣ್ಣನನ್ನು ನೋಡಿದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಸೊಪ್ಪಿನವಳು ಕರಪತ್ರವನ್ನು ಮಡಚಿ, ತಾನು ಕೂರುವ ಒದ್ದೆ ಜಾಗದಲ್ಲಿ ಹಾಸಿದಳು.

ಅವನಿಗೆ ಹೇಳಬೇಕಾದ ಮಾತು ಬಹಳವಿತ್ತು. ಹೊಸ ಕರಪತ್ರ ಬರೆಯುತ್ತೇನೆ, ಬೇರೆ ಹೆಸರಿಡುತ್ತೇನೆ, ತಾರೀಖು ಹಾಕುತ್ತೇನೆ. ಆದರೆ ಐದು ಲೋಟ ಚಹಾ ಬೇರೆ ಯಾವ ಮಾತಿಗೂ ಜಾಗ ಬಿಡಲಿಲ್ಲ. ಅವನು ಗೋಡೆಯತ್ತ ನೋಡಿದ. ಹೊಸ ಗಡಿಯಾರದ ಕೆಳಗೆ, ಗಂಡಸರು ಮರೆ ಮಾಡಿಕೊಂಡಿದ್ದ ಆ ಗೋಡೆಗೆ ಹೊಸ ಬಣ್ಣ ಬಳಿದು, ಕಾವಲಿಗೆ ಕೋಲು ಹಿಡಿದ ಆಳನ್ನು ನಿಲ್ಲಿಸಿದ್ದರು. ಮತ್ತೆ ಶೌಚಾಲಯದತ್ತ ನೋಡಿದ. ಎರಡು ಬೀಗ.

"ಅಕ್ಕಾ" ಎಂದ ಕಾಲು ಬದಲಿಸುತ್ತ, "ಇಲ್ಲಿ ಹತ್ತಿರದಲ್ಲಿ ಎಲ್ಲಾದರೂ..."

ಹಣ್ಣಿನಕ್ಕ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಆಮೇಲೆ ತನ್ನ ಬುಟ್ಟಿಯನ್ನು ಸ್ವಲ್ಪ ಸರಿಸಿ, ಪಕ್ಕದಲ್ಲಿ ಜಾಗ ಮಾಡಿದಳು.

"ಕೂತ್ಕೋ ಅಣ್ಣ" ಎಂದಳು. "ಅಂಗಡಿ ಮುಚ್ಚೋವರೆಗೂ ನಾವೂ ಹೀಗೇ ಕೂತಿರ್ತೀವಿ."